‘ಮೆಡಿಕಲ್ ಆಗುತ್ತಲ್ಲ, ಅವರೇ ನೋಡ್ಕೋತಾರೆ’: ನಾಗಪುರದಲ್ಲಿ ಕೂತು ಜೀವ ವಿಮೆಯ ಇತಿಹಾಸ

ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ಸರಿಮಾಡಿ, ಇಸವಿಗಳನ್ನು ಕೂರಿಸಿ ಬರೆದಿದ್ದೀನಿ. ಆತುರದಲ್ಲಿರೋರು ಸೆಕ್ಷನ್ 45ರ ಬಗ್ಗೆ ಹೇಳಿರೋ ಭಾಗವನ್ನಾದರೂ ಓದಿ ಹೋಗಿ.

ನಾನಿರೋದು ನಾಗಪುರದ ವಾರ್ಧಾ ರಸ್ತೆಯಲ್ಲಿ, ಮಿಹಾನ್ ಕಡೆಗೆ. ಬೆಂಗಳೂರಿನಿಂದ ಪ್ರಾಜೆಕ್ಟ್ ಜೊತೆಗೇ ಬಂದವನು. ಒಂದು ಶನಿವಾರ ಬೆಳಗ್ಗೆ ಏಳು ಗಂಟೆಗೆ ಮನೆಗೆ ಒಬ್ಬ ಹುಡುಗ ಬಂದ. ಬೆನ್ನಿಗೊಂದು ಬ್ಯಾಗು. ಅದರಲ್ಲಿ ಪುಟ್ಟ ಇಸಿಜಿ ಯಂತ್ರ, ಬಿಪಿ ಯಂತ್ರ, ಎತ್ತರ ಅಳೆಯೋ ಟೇಪು, ರಕ್ತದ ಟ್ಯೂಬುಗಳು. ನಮ್ಮ ಡೈನಿಂಗ್ ಟೇಬಲ್ಲೇ ಲ್ಯಾಬ್ ಆಯ್ತು. ಟರ್ಮ್ ಇನ್ಶೂರೆನ್ಸ್ ತಗೊಂಡವರಿಗೆಲ್ಲ ಈ ದೃಶ್ಯ ಗೊತ್ತು. ರಾತ್ರಿಯಿಂದ ಉಪವಾಸ, ನಾಲ್ಕು ಟ್ಯೂಬ್ ರಕ್ತ, ಒಂದು ಡಬ್ಬಿ ಮೂತ್ರ, ಎದೆಗೆ ತಣ್ಣಗೆ ಅಂಟೋ ಇಸಿಜಿ ಬಿಲ್ಲೆಗಳು. ಮೂತ್ರದಲ್ಲಿ ಕೊಟಿನಿನ್ ನೋಡ್ತಾರೆ. ನಿಕೋಟಿನ್ ದೇಹದಲ್ಲಿ ಒಡೆದಾಗ ಉಳಿಯೋ ಪದಾರ್ಥ ಅದು. ಸಿಗರೇಟು ಬಿಟ್ಟಿದ್ದೀನಿ ಅಂತ ಬರೆದು, ಹಿಂದಿನ ದಿನ ಟೀ ಅಂಗಡಿ ಹತ್ತಿರ ಒಂದು ಎಳೆದಿದ್ದರೆ ಸಿಕ್ಕಿಬೀಳ್ತೀರಿ. ಎಚ್‌ಬಿಎ1ಸಿ ಅಂತೂ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನೇ ಕೊಟ್ಟುಬಿಡುತ್ತೆ. ಪರೀಕ್ಷೆಗೆ ಒಂದು ವಾರ ಮುಂಚೆ ಸಿಹಿ ಬಿಟ್ಟರೆ ಏನೂ ಆಗಲ್ಲ.

ಆ ಹುಡುಗ ಹೋದಮೇಲೆ ನನ್ನ ಅರ್ಜಿಯ ಪ್ರತಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿದೆ. ‘ಕಳೆದ ಐದು ವರ್ಷದಲ್ಲಿ ಯಾವುದಾದರೂ ಕಾಯಿಲೆಗೆ ಔಷಧಿ ತೆಗೆದುಕೊಂಡಿದ್ದೀರಾ’ ಅನ್ನೋ ಥರದ ಪ್ರಶ್ನೆ ಇತ್ತು. ಎದುರಿಗೆ ‘ಇಲ್ಲ’ ಅಂತ ಇತ್ತು. ನಾನು ಎರಡು ವರ್ಷದಿಂದ ದಿನಾ ಬೆಳಗ್ಗೆ ಒಂದು ಬಿಪಿ ಮಾತ್ರೆ ನುಂಗ್ತಿದ್ದೀನಿ. ಅರ್ಜಿ ತುಂಬಿಸಿದ ಏಜೆಂಟ್ ನಮ್ಮ ಊರಿನ ಕಡೆಯವನೇ. ಫೋನ್ ಮಾಡಿದರೆ ನಗ್ತಾ ಹೇಳಿದ: “ಅಣ್ಣಾ, ಒಂದು ಮಾತ್ರೆಗೆಲ್ಲ ಹೌದು ಅಂತ ಹಾಕಿದ್ರೆ ಸುಮ್ನೆ ಫೈಲು ನಿಂತ್ಬಿಡುತ್ತೆ. ಹೇಗೂ ಮೆಡಿಕಲ್ ಆಗುತ್ತಲ್ಲ, ಅವರೇ ನೋಡ್ಕೋತಾರೆ ಬಿಡಿ.”

ಕೇಳೋಕೆ ಸರಿಯಾಗೇ ಇದೆ ಅಲ್ವಾ? ಅವರ ಡಾಕ್ಟರು, ಅವರ ಲ್ಯಾಬು, ಅವರ ಖರ್ಚು. ನೋಡಬೇಕಾದ್ದನ್ನ ನೋಡಿ ತಾನೇ ಪಾಲಿಸಿ ಕೊಡ್ತಾರೆ? ಕೊಟ್ಟಮೇಲೆ ‘ನೀನು ಹೇಳಿರಲಿಲ್ಲ’ ಅನ್ನೋಕೆ ಅವರಿಗೆ ಯಾವ ಬಾಯಿ? ಇದೇ ವಾದವನ್ನ ಸುಪ್ರೀಂ ಕೋರ್ಟಿನ ತನಕ ತಗೊಂಡು ಹೋದವರೊಬ್ಬರಿದ್ದಾರೆ. ಆ ಪಾಲಿಸಿ ಹುಟ್ಟಿದ್ದು ಹಳೆಯ ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್ ಪ್ರಾಂತದಲ್ಲಿ. ಅದರ ರಾಜಧಾನಿ ಇದೇ ನಾಗಪುರ.

ಈಗ ಜಬಲ್ಪುರ ಮಧ್ಯಪ್ರದೇಶ, ನಾಗಪುರ ಮಹಾರಾಷ್ಟ್ರ. ಆದರೆ 1956ರ ನವೆಂಬರ್ 1ರ ತನಕ ಎರಡೂ ಒಂದೇ ಆಡಳಿತದಲ್ಲಿದ್ದವು. ನಮಗೆ ಏಕೀಕರಣ ತಂದ ದಿನವೇ ನಾಗಪುರದಿಂದ ರಾಜಧಾನಿ ಪಟ್ಟ ಕಿತ್ತುಕೊಂಡಿತು. ಇಲ್ಲಿನ ಹಳಬರಿಗೆ ಆ ಬೇಸರ ಇನ್ನೂ ಇದೆ, ಅದು ಬೇರೆ ಕಥೆ.

1942ರ ಡಿಸೆಂಬರ್. ಮಹಾಜನ್ ದೇವಲಾಲ್ ಅನ್ನೋರು ಬೊಂಬಾಯಿಯ ಓರಿಯಂಟಲ್ ಗವರ್ನಮೆಂಟ್ ಸೆಕ್ಯುರಿಟಿ ಲೈಫ್ ಅಶ್ಯೂರೆನ್ಸ್ ಕಂಪನಿಗೆ ಏಜೆಂಟರ ಮೂಲಕ ಅರ್ಜಿ ಹಾಕ್ತಾರೆ. ಹೆಸರಿನಲ್ಲಿ ಗವರ್ನಮೆಂಟ್ ಇದ್ದರೂ ಅದು ಖಾಸಗಿ ಕಂಪನಿ. ಕಂಪನಿಯ ಡಾಕ್ಟರು ಪರೀಕ್ಷೆ ಮಾಡಿ ಎರಡು ವರದಿ ಬರೀತಾರೆ. ಒಂದು ಅರ್ಜಿಯ ಜೊತೆಗೆ ಏಜೆಂಟರ ಕೈಗೆ. ಇನ್ನೊಂದು ಗುಟ್ಟಾಗಿ, ನೇರವಾಗಿ ಅಂಚೆಯಲ್ಲಿ ಕಂಪನಿಗೆ. ಈ ಎರಡನೇ ವರದಿಯಲ್ಲಿ ಇದ್ದದ್ದು ಹೀಗೆ: ರಕ್ತಹೀನತೆ ಇದೆ, ಹೃದಯ ಹಿಗ್ಗಿದೆ, ಬಲ ಶ್ವಾಸಕೋಶದಲ್ಲಿ ಹಳೇ ಕಾಯಿಲೆಯ ಗುರುತಿದೆ, ನೋಡೋಕೆ ಐವತ್ತೈದರ ಮುದುಕರ ಹಾಗಿದ್ದಾರೆ, ದೇಹ ಪೂರ್ತಿ ಸೋತಿದೆ, ಈ ಜೀವ ವಿಮೆಗೆ ತಕ್ಕದ್ದಲ್ಲ. ಆ ಅರ್ಜಿ ಅಲ್ಲಿಗೇ ನಿಂತುಹೋಗುತ್ತೆ.

ಯಾಕೆ ಎರಡು ವರದಿ ಅಂತ ನಾನು ತುಂಬಾ ಹೊತ್ತು ಯೋಚಿಸಿದೆ. ಡಾಕ್ಟರು ಇರೋದು ಸಣ್ಣ ಊರಲ್ಲಿ. ಏಜೆಂಟರೂ ಅಲ್ಲೇ, ಅರ್ಜಿದಾರರೂ ಅಲ್ಲೇ. ಎಲ್ಲರ ಎದುರಿಗೆ ನಿಜ ಬರೆದರೆ ನಾಳೆ ಸಂತೆಯಲ್ಲಿ ಮುಖ ತೋರಿಸಬೇಕಲ್ಲ. ಕಮಿಷನ್ ಆಸೆ ಇರೋ ಏಜೆಂಟರ ಕೈಗೆ ಕೊಟ್ಟ ಕಾಗದ ಹಾಗೇ ತಲುಪುತ್ತೆ ಅನ್ನೋ ನಂಬಿಕೆ ಕಂಪನಿಗೂ ಇರಲಿಲ್ಲ. ಇವತ್ತಿಗೂ ಏಜೆಂಟರು ತುಂಬೋ ಗುಪ್ತ ವರದಿ ಅನ್ನೋ ಹಾಳೆ ಇದೆ. ಗಿರಾಕಿಯನ್ನ ಎಷ್ಟು ವರ್ಷದಿಂದ ಬಲ್ಲಿರಿ, ಆರೋಗ್ಯ ಹೇಗೆ ಕಾಣುತ್ತೆ, ಆದಾಯ ಎಷ್ಟಿರಬಹುದು ಅಂತ ಅದರಲ್ಲಿ ಕೇಳಿರ್ತಾರೆ. ನಮ್ಮ ಬಗ್ಗೆ ಬರೆದ ಆ ಹಾಳೆಯನ್ನ ನಾವು ನೋಡಿರೋದಿಲ್ಲ.

1943ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೇವಲಾಲ್ ಬೇರೊಬ್ಬ ಡಾಕ್ಟರ ಹತ್ತಿರ ಸುಮಾರು ಒಂದು ತಿಂಗಳು ಚಿಕಿತ್ಸೆ ತಗೊಳ್ತಾರೆ. ರಕ್ತಹೀನತೆ, ಕಾಲು ಊತ, ಭೇದಿ, ನಡೆದರೆ ಏದುಸಿರು. 1944ರ ಜುಲೈನಲ್ಲಿ ಮತ್ತೆ ಅದೇ ಕಂಪನಿಗೆ ಎರಡನೇ ಅರ್ಜಿ. ಈ ಸಲ ಬೇರೆ ಡಾಕ್ಟರುಗಳು ನೋಡ್ತಾರೆ. ಕಳೆದ ಐದು ವರ್ಷದಲ್ಲಿ ಯಾವ ವೈದ್ಯರನ್ನಾದರೂ ಕಂಡಿದ್ದೀರಾ ಅನ್ನೋ ಪ್ರಶ್ನೆಗೆ ಅವರು ಒಂದು ವರ್ಷವೂ ಆಗಿರದ ಆ ಚಿಕಿತ್ಸೆಯನ್ನ ಹೇಳೋದೇ ಇಲ್ಲ. 1945ರ ಮಾರ್ಚಿನಲ್ಲಿ 25,000 ರೂಪಾಯಿ ಪಾಲಿಸಿ ಬರುತ್ತೆ, ಜನವರಿ 15ರಿಂದ ಜಾರಿ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅಕ್ಟೋಬರಿನಲ್ಲಿ ಪಾಲಿಸಿಯನ್ನ ಮಿಠೂಲಾಲ್ ನಾಯಕ್ ಅನ್ನೋರ ಹೆಸರಿಗೆ ವರ್ಗಾಯಿಸ್ತಾರೆ. ನಡುವೆ ಕಂತು ಕಟ್ಟದೆ ಪಾಲಿಸಿ ಲ್ಯಾಪ್ಸ್ ಆಗಿ, 1946ರ ಜುಲೈನಲ್ಲಿ ಮತ್ತೆ ಜೀವ ಪಡೆಯುತ್ತೆ. 1946ರ ನವೆಂಬರ್ 12ಕ್ಕೆ ದೇವಲಾಲ್ ತೀರಿಕೊಳ್ತಾರೆ. ನಾಯಕರು ದುಡ್ಡು ಕೇಳ್ತಾರೆ. 1947ರ ಅಕ್ಟೋಬರಿನಲ್ಲಿ ಕಂಪನಿಯಿಂದ ‘ಕೊಡಲ್ಲ’ ಅಂತ ಪತ್ರ.

ದಾವೆ ಜಬಲ್ಪುರದಲ್ಲಿ ಹುಟ್ಟಿತು. ಅದು ದಿಲ್ಲಿ ಮುಟ್ಟೋ ಹೊತ್ತಿಗೆ ಓರಿಯಂಟಲ್ ಕಂಪನಿಯೇ ಇರಲಿಲ್ಲ, ಅದರ ಜಾಗದಲ್ಲಿ ಎಲ್‌ಐಸಿ ನಿಂತಿತ್ತು. 1962ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಾಯಕರ ಕಡೆಯ ಒಂದು ಮುಖ್ಯ ವಾದ ನಮ್ಮ ಏಜೆಂಟನದ್ದೇ: ಕಂಪನಿಯ ಡಾಕ್ಟರುಗಳೇ ಪರೀಕ್ಷೆ ಮಾಡಿದ್ದಾರೆ, ಹಳೇ ಗುಪ್ತ ವರದಿಯೂ ಕಂಪನಿಯ ಕೈಯಲ್ಲೇ ಇತ್ತು, ಸ್ವಲ್ಪ ಕಣ್ಣು ಬಿಟ್ಟಿದ್ದರೆ ನಿಜ ತಿಳೀತಿತ್ತು. ಕೋರ್ಟ್ ಒಪ್ಪಲಿಲ್ಲ. ಮುಚ್ಚಿಟ್ಟದ್ದು ಆ ಒಂದು ತಿಂಗಳ ಚಿಕಿತ್ಸೆಯನ್ನ. ಅದು ದೇವಲಾಲರಿಗೂ ಅವರ ಡಾಕ್ಟರಿಗೂ ಮಾತ್ರ ಗೊತ್ತಿದ್ದ ಸಂಗತಿ. ಮೈ ಮುಟ್ಟಿ ನೋಡೋ ಡಾಕ್ಟರಿಗೆ ಹೋದ ವರ್ಷದ ಔಷಧಿ ಚೀಟಿ ಕಾಣೋದಿಲ್ಲ. ದುಡ್ಡೂ ಸಿಗಲಿಲ್ಲ, ಕಟ್ಟಿದ ಕಂತು ವಾಪಸ್ ಕೊಡಿ ಅಂದರೆ ಅದೂ ಸಿಗಲಿಲ್ಲ.

ಈ ತೀರ್ಪಿನ ಲೆಕ್ಕ ಇವತ್ತಿಗೂ ವಿಮೆಯ ಕೇಸುಗಳಲ್ಲಿ ಬರುತ್ತೆ. ಎರಡು ವರ್ಷ ಕಳೆದ ಪಾಲಿಸಿಯನ್ನ ಕಂಪನಿ ಪ್ರಶ್ನೆ ಮಾಡಬೇಕಾದರೆ ಮೂರು ವಿಷಯ ತೋರಿಸಬೇಕು ಅಂತ ಕೋರ್ಟ್ ಹೇಳಿತು. ಹೇಳಿದ ಸುಳ್ಳು ಮುಖ್ಯ ವಿಷಯದ ಮೇಲಿರಬೇಕು, ಮೋಸ ಮಾಡೋ ಉದ್ದೇಶದಿಂದ ಇರಬೇಕು, ಹೇಳಿದವನಿಗೆ ಅದು ಸುಳ್ಳು ಅಂತ ಗೊತ್ತಿರಬೇಕು.

ಇನ್ನು ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಮೆಡಿಕಲ್ ಪರೀಕ್ಷೆ ಅನ್ನೋದೇ ಇಲ್ಲದ ಕಾಲ ಇತ್ತು. 1762ರಲ್ಲಿ ಲಂಡನ್ನಿನಲ್ಲಿ ಇಕ್ವಿಟಬಲ್ ಸೊಸೈಟಿ ಶುರುವಾದಾಗ ಅರ್ಜಿದಾರ ಖುದ್ದಾಗಿ ನಿರ್ದೇಶಕರ ಮುಂದೆ ಬಂದು ನಿಲ್ಲಬೇಕಿತ್ತು. ಹೆಣ್ಣು ನೋಡೋ ಶಾಸ್ತ್ರದ ಹಾಗೆ ಅಂದುಕೊಳ್ಳಿ. ಸಿಡುಬು ಬಂದು ಹೋಗಿದೆಯಾ, ಗೌಟ್ ಇದೆಯಾ ಅಂತ ಕೇಳೋರು. ಸಿಡುಬು ಬಂದು ಬದುಕಿದವನು ಒಳ್ಳೇ ಗಿರಾಕಿ, ಯಾಕಂದರೆ ಮತ್ತೆ ಬರೋದಿಲ್ಲ. ಮುಖದ ಮೇಲಿನ ಕಲೆಯೇ ಅವನ ಮೆಡಿಕಲ್ ರಿಪೋರ್ಟ್. ಆದರೆ ವಯಸ್ಸಿಗೆ ತಕ್ಕ ಕಂತು ಅನ್ನೋ ಗಣಿತ ಸರಿಯಾಗಿ ಶುರುವಾಗಿದ್ದು ಅಲ್ಲೇ.

ನಮ್ಮಲ್ಲಿ 1818ರಲ್ಲಿ ಕಲ್ಕತ್ತಾದಲ್ಲಿ ಓರಿಯಂಟಲ್ ಲೈಫ್ ಅನ್ನೋ ಕಂಪನಿ ಬಂತು. ಮೇಲೆ ಹೇಳಿದ ಓರಿಯಂಟಲ್ ಬೇರೆ, ಇದು ಬೇರೆ. ಅದು ಬಂದಿದ್ದು ಯುರೋಪಿಯನ್ನರಿಗಾಗಿ. ಆಮೇಲೆ ಭಾರತೀಯರನ್ನ ಸೇರಿಸಿಕೊಂಡ ಕಂಪನಿಗಳು ಹೆಚ್ಚುವರಿ ಕಂತು ಹಾಕಿದವು. ಯಾವ ಕಾಯಿಲೆಗೆ? ಭಾರತೀಯನಾಗಿದ್ದಕ್ಕೆ. 1870ರ ಬಾಂಬೆ ಮ್ಯೂಚುಯಲ್ ಭಾರತೀಯರ ಜೀವಕ್ಕೂ ಮಾಮೂಲಿ ದರ ಅಂದಿತು. ದೇವಲಾಲರ ಪಾಲಿಸಿಯ ಓರಿಯಂಟಲ್ ಕಂಪನಿ 1874ರಲ್ಲಿ ಹುಟ್ಟಿದ್ದೂ ಅದೇ ದಾರಿಯಲ್ಲಿ. ಅಂದರೆ ನಮ್ಮ ದೇಶದ ವಿಮೆಯ ಇತಿಹಾಸದಲ್ಲಿ ರಿಸ್ಕ್ ಅಸೆಸ್‌ಮೆಂಟ್‌ನ ಮೊದಲ ಕಲಮು ರಕ್ತ ಅಲ್ಲ, ಮೂತ್ರ ಅಲ್ಲ, ಚರ್ಮ.

ಈ ಹೊತ್ತಿಗೆ ನಾಗಪುರದಲ್ಲಿ ಇನ್ನೊಂದು ರೀತಿಯ ಲೆಕ್ಕ ನಡೀತಿತ್ತು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಘೋಷಿಸಿದ ದಿನ, ಜಮ್‌ಶೇಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ಶುರುಮಾಡಿದರು. 1886ರಲ್ಲಿ ಅಲ್ಲಿ ಕಾರ್ಮಿಕರಿಗೆ ಪಿಂಚಣಿ ನಿಧಿ ಬಂತು, 1895ರಲ್ಲಿ ಅಪಘಾತ ಪರಿಹಾರ. ಕಾರ್ಮಿಕರ ಪರಿಹಾರ ಕಾಯ್ದೆ ಬರೋಕೆ 1923ರ ತನಕ ಕಾಯಬೇಕಾಯ್ತು. ಮಗ್ಗದಲ್ಲಿ ಕೈ ಸಿಕ್ಕಿಕೊಂಡವನ ನಾಡಿ ಹಿಡಿದು, ‘ಐದು ವರ್ಷದಲ್ಲಿ ಯಾವ ಡಾಕ್ಟರನ್ನ ಕಂಡಿದ್ದೆ’ ಅಂತ ಕೇಳೋ ವಿಮೆ ಅಲ್ಲ ಅದು. ಕೆಲಸಕ್ಕಿದ್ದಾನೆ ಅನ್ನೋದೇ ಸಾಕು.

ನಮ್ಮ ಮೈಸೂರಿನದ್ದೂ ಇದೇ ದಾರಿ. ಮನೆಯಲ್ಲಿ ಯಾರಾದರೂ ಮೇಷ್ಟ್ರು, ಗುಮಾಸ್ತರು ಇದ್ದರೆ ಕೆಜಿಐಡಿ ಅನ್ನೋ ಕಡಿತ ಸಂಬಳದ ಚೀಟಿಯಲ್ಲಿ ನೋಡೇ ಇರ್ತೀರಿ. ಅದರ ಮೂಲ 1891, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಸರ್ಕಾರಿ ನೌಕರ ಅಂದಮೇಲೆ ವಿಮೆ ಕಡ್ಡಾಯ.

ಕಡ್ಡಾಯ ಅನ್ನೋ ಪದವನ್ನ ಸ್ವಲ್ಪ ಹಿಡಿದುಕೊಳ್ಳಿ, ಇಡೀ ವಿಷಯದ ಕೀಲಿ ಅದೇ. ವಿಮೆ ಇಷ್ಟವಿದ್ದವರು ಮಾತ್ರ ತಗೊಳ್ಳೋ ವಸ್ತುವಾದರೆ, ಮೊದಲು ಓಡಿ ಬರೋನು ಎದೆನೋವು ಇರೋನೇ. ಹಾಗೆ ಬಂದರೆ ಕಂಪನಿಯ ಲೆಕ್ಕ ತಪ್ಪುತ್ತೆ, ಕಂತು ಏರುತ್ತೆ, ಗಟ್ಟಿಮುಟ್ಟಾಗಿರೋರು ಬಿಟ್ಟು ಹೋಗ್ತಾರೆ. ಅದಕ್ಕೇ ಬಾಗಿಲಲ್ಲಿ ಡಾಕ್ಟರನ್ನ ನಿಲ್ಲಿಸೋದು. ಎಲ್ಲರೂ ಸೇರಲೇಬೇಕು ಅಂದಾಗ ಬಾಗಿಲಲ್ಲಿ ಅಷ್ಟು ಕಾವಲು ಬೇಕಿಲ್ಲ. ನಮ್ಮ ಆಫೀಸಿನ ಗ್ರೂಪ್ ಟರ್ಮ್ ಪಾಲಿಸಿಯಲ್ಲಿ ಒಂದು ಮೊತ್ತದವರೆಗೆ ಯಾರೂ ರಕ್ತ ಕೇಳದೇ ಇರೋದು ಇದಕ್ಕೇ. ನಮ್ಮ ಆರೋಗ್ಯದ ಮೇಲೆ ಎಚ್‌ಆರ್‌ಗೆ ನಂಬಿಕೆ ಅಂತಲ್ಲ. ಕೆಲಸಕ್ಕೆ ಸೇರಿದ್ದು ವಿಮೆಗಾಗಿ ಅಲ್ಲವಲ್ಲ, ಅದಕ್ಕೆ. ಆದರೆ ಕೆಲಸ ಹೋದ ದಿನ ಅದೂ ಹೋಗುತ್ತೆ. ನಲವತ್ತೈದಕ್ಕೆ ಲೇಆಫ್ ಆದವನು, ಬಿಪಿ ಶುಗರ್ ಎರಡೂ ಹತ್ತಿಸಿಕೊಂಡು, ಮೊದಲ ಸಲ ಸ್ವಂತ ಪಾಲಿಸಿಗೆ ಅರ್ಜಿ ಹಾಕೋದನ್ನ ನಾನು ಈ ಎರಡು ವರ್ಷದಲ್ಲಿ ಮೂರು ಮನೆಯಲ್ಲಿ ನೋಡಿದ್ದೀನಿ.

ಬಿಪಿ ಅಂದೆನಲ್ಲ. ಈ ಬಿಪಿ ನೋಡೋ ಅಭ್ಯಾಸ ಜಗತ್ತಿಗೆಲ್ಲ ಹಬ್ಬಿದ್ದರಲ್ಲಿ ವಿಮಾ ಕಂಪನಿಗಳ ಕೈ ದೊಡ್ಡದು. ಇಟಲಿಯ ರೀವಾ-ರೋಚ್ಚಿ 1896ರಲ್ಲಿ ತೋಳಿಗೆ ಪಟ್ಟಿ ಕಟ್ಟೋ ಯಂತ್ರ ಮಾಡಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳಿ ಮೇಲಿನ, ಕೆಳಗಿನ ಅಂಕಿ ಹೇಳೋದನ್ನ ತೋರಿಸಿದ. ಎಷ್ಟೋ ಡಾಕ್ಟರುಗಳು ಅದನ್ನ ಆಟದ ಸಾಮಾನು ಅನ್ನೋ ಹಾಗೆ ನೋಡುತ್ತಿದ್ದಾಗ, 1907ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ಮ್ಯೂಚುಯಲ್ ಕಂಪನಿಯ ಡಾಕ್ಟರ್ ಫಿಶರ್ ಅರ್ಜಿದಾರರ ಬಿಪಿ ಬರೆದಿಡೋಕೆ ಶುರುಮಾಡಿದ. ಆಸ್ಪತ್ರೆಗೆ ಬರೋದು ಕಾಯಿಲೆಯವರು. ವಿಮೆಗೆ ಬರೋದು ಚೆನ್ನಾಗಿದ್ದೀನಿ ಅಂದುಕೊಂಡವರು, ಲಕ್ಷಗಟ್ಟಲೆ. ಅವರಲ್ಲಿ ಯಾರು ಯಾವಾಗ ಸತ್ತರು ಅನ್ನೋದು ಕಂಪನಿಯ ಲೆಕ್ಕದ ಪುಸ್ತಕದಲ್ಲಿ ತಾನಾಗೇ ಬರುತ್ತೆ, ದುಡ್ಡು ಕೊಡಬೇಕಲ್ಲ. ಏನೂ ತೊಂದರೆ ಕಾಣದವನಿಗೂ ಏರಿದ ಬಿಪಿ ಆಯುಸ್ಸು ತಿನ್ನುತ್ತೆ ಅನ್ನೋದು ಹಾಗೆ ಕಂಡಿತು. ನನ್ನ ಬೆಳಗಿನ ಆ ಮಾತ್ರೆಯ ಹಿಂದೆ ಈ ಗುಮಾಸ್ತಗಿರಿಯೂ ಇದೆ.

ಅದೇ ಕಾಲದಲ್ಲಿ ನ್ಯೂಯಾರ್ಕ್ ಲೈಫ್ ಕಂಪನಿಯ ಡಾಕ್ಟರ್ ರೋಜರ್ಸ್ ಮತ್ತು ಆಕ್ಚುಯರಿ ಹಂಟರ್ ಸೇರಿ ಅಂಕಿಯ ಪದ್ಧತಿ ತಂದರು. ಸಾಮಾನ್ಯ ಮನುಷ್ಯ ಅಂದರೆ 100. ತೂಕ ಹೆಚ್ಚಿದ್ದರೆ ಇಷ್ಟು ಕೂಡಿಸು, ಅಪ್ಪ ಅಮ್ಮ ಎಂಬತ್ತು ದಾಟಿದ್ದರೆ ಇಷ್ಟು ಕಳೆ, ಬಿಪಿಗೆ ಇಷ್ಟು ಕೂಡಿಸು. ಕೊನೆಗೆ 175 ಬಂತು ಅಂದರೆ ನೂರು ಜನ ಸಾಯೋ ಕಡೆ ನಿಮ್ಮಂಥವರು ನೂರ ಎಪ್ಪತ್ತೈದು ಜನ ಸಾಯ್ತಾರೆ ಅಂತ ಅರ್ಥ. ಅದಕ್ಕೆ ತಕ್ಕ ಲೋಡಿಂಗ್. ನಮ್ಮ ಫೈಲುಗಳನ್ನ ಈಗ ಸಾಫ್ಟ್‌ವೇರ್ ನೋಡುತ್ತೆ, ಅಂಥ ರೂಲ್ ಎಂಜಿನ್ ಬರೆಯೋ ಕೆಲಸ ನಮ್ಮಲ್ಲೇ ಕೆಲವರು ಮಾಡ್ತಿದ್ದಾರೆ. ಒಳಗಿರೋ ತರ್ಕ ಮಾತ್ರ ನೂರು ವರ್ಷ ಹಳೇದು, ಕೂಡು ಕಳೆ. ಈ ಪದ್ಧತಿಯನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅದಕ್ಕಿಂತ ಮುಂಚೆ ಎರಡೇ ಉತ್ತರ ಇದ್ದದ್ದು: ಒಳಗೆ ಬಾ, ಅಥವಾ ಆಚೆ ಹೋಗು. ಅಂಕಿ ಬಂದಮೇಲೆ ಸ್ವಲ್ಪ ಕಾಯಿಲೆ ಇದ್ದವನಿಗೂ ಒಂದು ಬೆಲೆ ಹೇಳಿ ಒಳಗೆ ಬಿಡೋದು ಸಾಧ್ಯವಾಯ್ತು.

1956ರ ಜನವರಿ 19ರಂದು ಜೀವ ವಿಮೆಯನ್ನ ಸರ್ಕಾರ ಕೈಗೆ ತಗೊಂಡಿತು ಅಂತ ರೇಡಿಯೋದಲ್ಲಿ ಹೇಳಿದ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್, ಐಸಿಎಸ್ ಅಧಿಕಾರಿಯಾಗಿ ಬೆಳೆದಿದ್ದು ಇದೇ ಸೆಂಟ್ರಲ್ ಪ್ರಾವಿನ್ಸಸ್‌ನಲ್ಲಿ. ಒಟ್ಟು 245 ಸಂಸ್ಥೆಗಳು ಸೇರಿ ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಆಯ್ತು. ಅಷ್ಟರಲ್ಲಿ ದೇಶಮುಖರು ಬೊಂಬಾಯಿಯ ಪ್ರಶ್ನೆಯ ಮೇಲೆ ರಾಜೀನಾಮೆ ಕೊಟ್ಟು ಹೊರಗಾಗಿದ್ದರು. ಅದಾದ ಆರು ವಾರಕ್ಕೆ, ಅಕ್ಟೋಬರ್ 14ರಂದು, ನಾಗಪುರದ ದೀಕ್ಷಾಭೂಮಿಯಲ್ಲಿ ಅಂಬೇಡ್ಕರ್ ಬೌದ್ಧ ದೀಕ್ಷೆ ತಗೊಂಡರು. ಈ ಎರಡನ್ನ ಪಕ್ಕಪಕ್ಕ ಇಡೋಕೆ ಕಾರಣ ಇದೆ. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಅನ್ನೋ ತಮ್ಮ ಟಿಪ್ಪಣಿಯಲ್ಲಿ ಅಂಬೇಡ್ಕರ್, ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ಪ್ರತಿಯೊಬ್ಬ ವಯಸ್ಕನೂ ತನ್ನ ಕೂಲಿಗೆ ತಕ್ಕ ಜೀವ ವಿಮೆ ಕಡ್ಡಾಯವಾಗಿ ತಗೊಳ್ಳಬೇಕು ಅಂತ ಕೇಳಿದ್ದರು. ಮೊದಲ ಅರ್ಧ ಆಯ್ತು. ಎರಡನೇ ಅರ್ಧ ಆಗಲಿಲ್ಲ. ಕಡ್ಡಾಯ ಇಲ್ಲದ್ದರಿಂದ ಬಾಗಿಲ ಕಾವಲು ಹಾಗೇ ಉಳಿಯಿತು.

ಕಾವಲಿಗೆ ನಿಂತದ್ದು ಡಾಕ್ಟರೊಬ್ಬರೇ ಅಲ್ಲ. ಎಲ್‌ಐಸಿಯ ಟೇಬಲ್ 58 ಅನ್ನೋ ಕಡಿಮೆ ಕಂತಿನ ಟರ್ಮ್ ಪಾಲಿಸಿ ಸರ್ಕಾರಿ, ಅರೆ ಸರ್ಕಾರಿ ಅಥವಾ ಹೆಸರುವಾಸಿ ಕಂಪನಿಗಳ ಸಂಬಳದಾರರಿಗೆ ಮಾತ್ರ ಅಂತ ಇತ್ತು. ರೈತ, ದರ್ಜಿ, ಆಟೋ ಓಡಿಸೋನಿಗೆ ಇಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನ ಸಂವಿಧಾನಕ್ಕೆ ವಿರುದ್ಧ ಅಂತ ತೆಗೆದುಹಾಕಿತು. ನಾವು ಐಟಿಯವರು ಇಂಥ ಬಾಗಿಲಿನ ಸರಿಯಾದ ಕಡೆ ಇರೋದರಿಂದ ಅದು ನಮಗೆ ಕಾಣೋದೇ ಇಲ್ಲ. 2015ರಲ್ಲಿ ಬಂದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾದಲ್ಲಿ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷದ ರಕ್ಷಣೆ ಇದೆ, ಮೆಡಿಕಲ್ ಇಲ್ಲ. ಕಾವಲಿಗೆ ಬದಲು ಅಲ್ಲಿ ಬೇರೆ ಉಪಾಯ: ಸೇರಿದ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾರಣಕ್ಕೆ ಸತ್ತರೆ ದುಡ್ಡಿಲ್ಲ. ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಬ್ಯಾಂಕ್ ಖಾತೆ ಇದ್ದರೆ ಕೇಳಿ ನೋಡಿ, ಸೇರಿದ್ದಾರಾ ಅಂತ.

ನಾಗಪುರದಲ್ಲಿ ಕೂತು ಈ ವಿಷಯ ಮಾತಾಡೋವಾಗ ಸಿಕಲ್ ಸೆಲ್ ಬಿಟ್ಟು ಹೋಗೋಕಾಗಲ್ಲ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗೋ ಕಾಯಿಲೆ. ನಮ್ಮ ದೇಶದಲ್ಲಿ ಇದನ್ನ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ, ನಮ್ಮ ಚಾಮರಾಜನಗರದ ಗಡಿ ದಾಟಿದರೆ ಸಿಗೋ ಜಾಗ. 1958ರಲ್ಲಿ ಶುಕ್ಲಾ ಮತ್ತು ಸೋಲಂಕಿ ಅನ್ನೋ ಡಾಕ್ಟರುಗಳು ಮಧ್ಯ ಭಾರತದ ಸಿಕಲ್ ಸೆಲ್ ಬಗ್ಗೆ ‘ಲ್ಯಾನ್ಸೆಟ್’ನಲ್ಲಿ ಬರೆದರು. ವಿದರ್ಭದ ಹಲವು ದಲಿತ, ಆದಿವಾಸಿ ಸಮುದಾಯಗಳಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಜನ ಇದರ ವಾಹಕರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಇದರ ಮೇಲೆ ಕೆಲಸ ಮಾಡಿದೆ.

ವಾಹಕ ಅಂದರೆ ಅಪ್ಪನಿಂದಲೋ ಅಮ್ಮನಿಂದಲೋ ಒಂದೇ ಕಡೆಯಿಂದ ಆ ಗುಣ ಬಂದವನು. ಅವನು ಸಾಮಾನ್ಯವಾಗಿ ಎಲ್ಲರ ಹಾಗೇ ಬಾಳ್ತಾನೆ. ಎರಡೂ ಕಡೆಯಿಂದ ಬಂದವನಿಗೆ ಕಾಯಿಲೆ, ಮೂಳೆ ಹಿಂಡೋ ನೋವು, ಮತ್ತೆ ಮತ್ತೆ ಆಸ್ಪತ್ರೆ. ಈ ವ್ಯತ್ಯಾಸ ತಿಳಿಯದೇ ಹೋದರೆ ಏನಾಗುತ್ತೆ ಅನ್ನೋದನ್ನ ಅಮೆರಿಕ 1970ರ ದಶಕದಲ್ಲಿ ತೋರಿಸಿಕೊಟ್ಟಿದೆ. 1972ರ ಕಾಯ್ದೆಯ ಆಸುಪಾಸಿನಲ್ಲಿ ಅಲ್ಲಿ ಕಪ್ಪು ಜನರ ನಡುವೆ ಭರದಿಂದ ರಕ್ತ ಪರೀಕ್ಷೆ ನಡೀತು. ಒಳ್ಳೇ ಉದ್ದೇಶವೇ. ಆದರೆ ಬರೀ ವಾಹಕರಾಗಿದ್ದವರಿಗೂ ಕೆಲವು ವಿಮಾ ಕಂಪನಿಗಳು ಹೆಚ್ಚು ಕಂತು ಕೇಳಿದವು. ಆರೋಗ್ಯಕ್ಕೆ ಅಂತ ಮಾಡಿಸಿದ ಪರೀಕ್ಷೆ ಅವರಿಗೇ ತಿರುಗಿ ಬಡಿಯಿತು.

ಇಲ್ಲಿ 2023ರ ಜುಲೈ 1ರಂದು ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನ ಶುರುವಾಗಿದೆ. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ನೋಡೋ ಗುರಿ, ಪರೀಕ್ಷೆ ಆದವರ ಕೈಗೆ ಒಂದು ಕಾರ್ಡು. ಮದುವೆಗೆ ಮುಂಚೆ ಕಾರ್ಡು ನೋಡಿಕೊಂಡರೆ ಮುಂದಿನ ಮಗುವಿಗೆ ನೋವು ತಪ್ಪಬಹುದು, ಅದು ಸರಿ. ನನ್ನ ಅರ್ಜಿಯಲ್ಲಿ ‘ರಕ್ತಹೀನತೆ ಅಥವಾ ರಕ್ತದ ಯಾವುದೇ ತೊಂದರೆ’ ಅನ್ನೋ ಕಲಮು ಇತ್ತು. ನಾನು ಯೋಚನೆಯನ್ನೇ ಮಾಡದೆ ದಾಟಿ ಹೋದ ಸಾಲು ಅದು. ಗಡಚಿರೋಲಿ ಕಡೆಯ ಒಬ್ಬ ಹುಡುಗ, ಮಿಹಾನ್‌ನಲ್ಲಿ ನಮ್ಮ ಹಾಗೇ ಕೆಲಸ ಮಾಡೋನು, ಅಲ್ಲಿ ಬಂದು ನಿಲ್ತಾನೆ. ಕಾರ್ಡಿನಲ್ಲಿ ವಾಹಕ ಅಂತಿದೆ, ಇದು ‘ತೊಂದರೆ’ಯಾ? ಹೇಳಿದರೆ ಗೊತ್ತಿಲ್ಲದ ಅಂಡರ್‌ರೈಟರ್ ಅಂಕಿ ಕೂಡಿಸಿಬಿಟ್ಟರೆ? ಹೇಳದಿದ್ದರೆ ನಾಳೆ ದೇವಲಾಲರ ಗತಿ ಆದರೆ? ನನ್ನ ಅಭಿಪ್ರಾಯ, ಹೇಳಬೇಕು, ಕಾರ್ಡಿನಲ್ಲಿ ಇದ್ದದ್ದನ್ನ ಇದ್ದ ಹಾಗೇ ಬರೆದು ವರದಿ ಲಗತ್ತಿಸಬೇಕು. ಆದರೆ ಈ ಭಾರವನ್ನ ಅವನ ತಲೆ ಮೇಲೆ ಹಾಕಿದ್ದು ಪ್ರಶ್ನೆ ಬರೆದವರ ಸೋಮಾರಿತನ. ಕಾಯಿಲೆಯಾ ವಾಹಕನಾ ಅಂತ ಎರಡು ಪದ ಸೇರಿಸೋಕೆ ಏನು ಖರ್ಚು?

ಎಚ್‌ಐವಿ ವಿಷಯದಲ್ಲಿ ಕಾನೂನು ಇಷ್ಟಾದರೂ ಸ್ಪಷ್ಟವಾಗಿದೆ. 2017ರ ಕಾಯ್ದೆ ಪ್ರಕಾರ ಆಕ್ಚುಯರಿಯ ಅಧ್ಯಯನದ ಆಧಾರ ಇಲ್ಲದೆ ವಿಮೆ ನಿರಾಕರಿಸೋ ಹಾಗಿಲ್ಲ. ಆನುವಂಶಿಕ ಕಾಯಿಲೆ ಅನ್ನೋ ಒಂದೇ ಪದ ಹಿಡಿದು ಆರೋಗ್ಯ ವಿಮೆ ತಪ್ಪಿಸೋದು ಸರಿಯಲ್ಲ ಅಂತ 2018ರ ಫೆಬ್ರವರಿಯಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು. ಅದು ಆಸ್ಪತ್ರೆ ಖರ್ಚಿನ ವಿಮೆಯ ಮಾತು. ಜೀವ ವಿಮೆಯ ಅರ್ಜಿ ಅದರಿಂದ ಸರಿಹೋಯ್ತು ಅಂದುಕೊಳ್ಳಬೇಡಿ.

ಈಗ ಸೆಕ್ಷನ್ 45. 1938ರ ವಿಮಾ ಕಾಯ್ದೆಯಲ್ಲಿ ಎರಡು ವರ್ಷ ಅಂತ ಇತ್ತು. ಅದಾದಮೇಲೂ ಮೋಸ ಸಾಬೀತಾದರೆ ಕಂಪನಿ ಹಿಂದೆ ಸರಿಯಬಹುದಿತ್ತು. 2014ರ ಡಿಸೆಂಬರಿನ ತಿದ್ದುಪಡಿ ಬಂದಮೇಲೆ ಅದು ಮೂರು ವರ್ಷ. ಮೂರು ಕಳೆದರೆ ಯಾವ ಕಾರಣಕ್ಕೂ ಪಾಲಿಸಿಯನ್ನ ಪ್ರಶ್ನೆ ಮಾಡೋ ಹಾಗಿಲ್ಲ. ‘ಹಾಗಾದರೆ ಮೂರು ವರ್ಷ ಹೇಗೋ ತಳ್ಳಿದರಾಯ್ತು’ ಅಂತ ಏಜೆಂಟರು ಹೇಳ್ತಾರೆ. ಆ ಮೂರು ವರ್ಷದೊಳಗೆ ನೀವು ಸಾಯಲ್ಲ ಅಂತ ಗೊತ್ತಿದ್ದರೆ ವಿಮೆಯಾದರೂ ಯಾಕೆ ಬೇಕು?

ದೇವಲಾಲರ ಪಾಲಿಸಿಗೆ ಇವತ್ತಿನ ಕಾನೂನು ಹಚ್ಚಿ ನೋಡಿ. ನಡುವೆ ರಿವೈವ್ ಆಗಿದ್ದರೂ ಎರಡು ವರ್ಷವನ್ನ ಮೂಲ ಪಾಲಿಸಿಯಿಂದಲೇ ಎಣಿಸಬೇಕು ಅಂತ 1962ರಲ್ಲಿ ಕೋರ್ಟ್ ಹೇಳಿತ್ತು. ತಿದ್ದುಪಡಿಯಾದ ಸೆಕ್ಷನ್‌ನಲ್ಲಿ ಪಾಲಿಸಿ ಕೊಟ್ಟ ದಿನ, ರಕ್ಷಣೆ ಶುರುವಾದ ದಿನ, ರಿವೈವ್ ಆದ ದಿನ, ರೈಡರ್ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಕೆ. ಅಂದರೆ 1946ರ ಜುಲೈನಿಂದ. 1949ರ ಜುಲೈ ತನಕ ಕಂಪನಿಗೆ ದಾರಿ ತೆರೆದೇ ಇರ್ತಿತ್ತು. ಕೆಲಸ ಬದಲಾಯಿಸೋವಾಗ, ಸಂಬಳದ ಖಾತೆ ಮುಚ್ಚಿ ಆಟೋ ಡೆಬಿಟ್ ನಿಂತು, ಪಾಲಿಸಿ ಲ್ಯಾಪ್ಸ್ ಮಾಡಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ದಂಡ ಕಟ್ಟಿ ಎಬ್ಬಿಸಿದರೆ ಆಯ್ತು ಅಂದುಕೊಳ್ತಾರೆ. ಪಾಲಿಸಿ ಏಳುತ್ತೆ, ಜೊತೆಗೆ ಮೂರು ವರ್ಷದ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ. ಆಗ ಕೊಡೋ ಆರೋಗ್ಯದ ಹೇಳಿಕೆಯಲ್ಲೂ ಅದೇ ಪ್ರಶ್ನೆಗಳಿರುತ್ತವೆ.

ಮುಚ್ಚಿಟ್ಟ ಕಾಯಿಲೆಗೂ ಸಾವಿಗೂ ಸಂಬಂಧ ಇಲ್ಲದಿದ್ದರೆ? ಇಲ್ಲಿ ಕೋರ್ಟಿನ ಮಾತು ಎರಡೂ ಕಡೆ ಸಿಗುತ್ತೆ. 2015ರಲ್ಲಿ ಸುಲಭಾ ಮೋಟೇಗಾಂವ್‌ಕರ್ ಅನ್ನೋರ ಪ್ರಕರಣದಲ್ಲಿ, ಬೆನ್ನುಮೂಳೆಯ ತೊಂದರೆ ಹೇಳದೇ ಹೃದಯದ ಕಾಯಿಲೆಯಿಂದ ತೀರಿಕೊಂಡವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ ದುಡ್ಡು ಕೊಡಿಸಿತು. 2020ರ ದಲ್ಬೀರ್ ಕೌರ್ ಪ್ರಕರಣದಲ್ಲಿ, ಪಾಲಿಸಿ ತಗೊಂಡು ಎರಡು ತಿಂಗಳೂ ಆಗದೆ ಸತ್ತವರು ಹಳೇ ಕಾಯಿಲೆ ಮುಚ್ಚಿಟ್ಟಿದ್ದಕ್ಕೆ ಕಂಪನಿಯ ಪರ ನಿಂತಿತು. ಇಂಥ ಕೇಸುಗಳಲ್ಲಿ ಅರ್ಜಿ ತುಂಬಿದವನು ಕೋರ್ಟಿಗೆ ಬಂದು ಹೇಳೋಕೆ ಇರೋದಿಲ್ಲ. ಹೋಗಿ ನಿಲ್ಲೋದು ಹೆಂಡತಿ, ಮಕ್ಕಳು, ತಾಯಿ. ಏಜೆಂಟ್ ಏನು ಹೇಳಿದ್ದ, ಯಾರು ತುಂಬಿದರು ಅನ್ನೋದು ಅವರಿಗೆ ಗೊತ್ತಿರೋದೂ ಇಲ್ಲ. ಅವರ ಕೈಯಲ್ಲಿರೋದು ನಮ್ಮ ಸಹಿ ಇರೋ ಕಾಗದ ಮಾತ್ರ.

ನಾನು ಸೋಮವಾರವೇ ಕಂಪನಿಗೆ ಮೇಲ್ ಹಾಕಿದೆ. ಔಷಧಿ ಹೆಸರು, ಶುರುಮಾಡಿದ ತಿಂಗಳು, ಡಾಕ್ಟರ ಚೀಟಿ ಮೂರೂ ಲಗತ್ತಿಸಿ, ಆ ‘ಇಲ್ಲ’ವನ್ನ ‘ಹೌದು’ ಮಾಡಿ ಅಂತ ಕೇಳಿದೆ. ಏಜೆಂಟನಿಗೆ ಸಿಟ್ಟು ಬಂತು, ಎರಡು ದಿನ ಫೋನ್ ಎತ್ತಲಿಲ್ಲ. ಹತ್ತು ದಿನಕ್ಕೆ ಪತ್ರ ಬಂತು, ಕಂತಿನ ಮೇಲೆ ಲೋಡಿಂಗ್ ಹಾಕಿದ್ದರು, ಒಪ್ಪಿಗೆಯೇ ಅಂತ ಕೇಳಿದ್ದರು. ನನ್ನವಳು ಲೆಕ್ಕ ಹಾಕಿ, “ತಿಂಗಳಿಗೆ ಎರಡು ಸಲ ಹೊರಗೆ ಊಟ ಬಿಟ್ಟರೆ ಸರಿಹೋಗುತ್ತೆ, ನಿಮ್ಮ ಬಿಪಿಗೂ ಒಳ್ಳೇದು” ಅಂದಳು. ಒಪ್ಪಿದೆ. ಪಾಲಿಸಿಯ ಕಾಗದ ಬಂದಾಗ ಅದರ ಜೊತೆಗೆ ಅರ್ಜಿಯ ಪ್ರತಿಯೂ ಇತ್ತು. ಇಷ್ಟವಾಗದಿದ್ದರೆ ವಾಪಸ್ ಮಾಡೋಕೆ 30 ದಿನ ಇರುತ್ತೆ, ಆ ದಿನಗಳಲ್ಲಿ ಪಾಲಿಸಿಯ ಬಣ್ಣದ ಹಾಳೆಗಳಿಗಿಂತ ಈ ಪ್ರತಿಯನ್ನ ಸಾಲು ಸಾಲಾಗಿ ಓದಿ. ನಾನು ಮೂರನೇ ಪುಟ ತೆಗೆದು, ಬಿಪಿಯ ಕಲಮಿನ ಎದುರು ‘ಹೌದು’ ಇದೆಯಾ ಅಂತ ನೋಡಿದೆ. ಇತ್ತು. ಎತ್ತರ ಮಾತ್ರ ಎರಡು ಸೆಂಟಿಮೀಟರ್ ಜಾಸ್ತಿ ಬರೆದಿದ್ದರು. ಅದಕ್ಕೂ ಒಂದು ಮೇಲ್ ಹಾಕಿದ್ದೀನಿ.